ತಮ್ಮನ ಬೆನ್ನ ಮೇಲೆ ಇಟ್ಟ ಕಾಲು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎದ್ದು ಹೋಗಿದ್ದೇನೆ. ಅವ್ವ ಇರುವ ತನಕ ಅವ್ವನ ನೆಪ ಇತ್ತು. ಅವಳು ಹೋದ ಮೇಲೆ ತಮ್ಮನ ನೆಪ. ಈಗ ಅವನೂ ಇಲ್ಲ. ಆಮೇಲೆ ಉಳಿದದ್ದು, ಕಣ್ಣು ಮಂಜಾಗಿದೆ, ಬರೆಯಲು ಆಗುವುದಿಲ್ಲ ಎಂಬ ಒಂದೇ ನೆಪ. ಈಚೆಗೆ ದಾವಣಗೆರೆಯಲ್ಲಿ ಪೊರೆ ತೆಗೆಸಿಕೊಂಡೆ. ಅಕ್ಷರ ಚೆನ್ನಾಗಿ ಕಾಣುತ್ತಿದೆ. ಇನ್ನು ಬರೆಯದಿದ್ದರೆ ಅದು ಹೇಡಿತನವೇ ಹೊರತು ಬೇರೆ ಏನೂ ಅಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಹರಿಹರದ ಒಂದು ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಆದರೆ ನಮ್ಮ ಓಣಿಯ ಜನಕ್ಕೆ ನಾನು ಗಿರಣಿಯ ಕೆಲಸಗಾರನಾಗಿ ಗೊತ್ತಿರಲಿಲ್ಲ. ಅವರು ನನ್ನ ಮನೆ ಹುಡುಕಿಕೊಂಡು ಬರುತ್ತಿದ್ದುದು ನನ್ನ ಕಾಲಿಗಾಗಿ. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವನು. ಅಂಥವರ ಕಾಲಿಗೆ ಒಂದು ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದುಕೊಂಡವರು, ಬೆನ್ನಿಗೆ ಚಳುಕು ಬಂದವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಹೊಸ್ತಿಲ ಮುಂದೆ ಬೋರಲು ಮಲಗುತ್ತಾರೆ. ಕಾಲು ಮುಂದಾಗಿ ಹುಟ್ಟಿದವನು ನೋವಿದ್ದ ಕಡೆ ಹಿಮ್ಮಡಿಯಿಂದ ಸವರಿ, ಒತ್ತಿ, ಕೊನೆಗೆ ಮೆಲ್ಲಗೆ ಒಂದು ಒದೆ ಕೊಡಬೇಕು. ಅದಕ್ಕೆ ಪ್ರತಿಯಾಗಿ ಏನನ್ನೂ ಮುಟ್ಟಬಾರದು.

ಬಂದವರಲ್ಲಿ ಬಹಳ ಮಂದಿ ನೆಟ್ಟಗೆ ನಡೆದು ಹೋಗುತ್ತಿದ್ದರು. ಚಳುಕು ತಾನಾಗಿಯೇ ಬಿಡುವ ನೋವು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ವಾರವೆಲ್ಲ ನನ್ನನ್ನು ಬೈಯುತ್ತಿದ್ದ ಗಿರಣಿಯ ಮೇಸ್ತ್ರಿ ಒಂದು ಭಾನುವಾರ ಬಂದು ನನ್ನ ಹೊಸ್ತಿಲ ಮುಂದೆ ಮಲಗಿ, “ಒದಿಯಪ್ಪ, ಆದ್ರೆ ಸೇಡು ತೀರಿಸ್ಕಬ್ಯಾಡ” ಅಂದಿದ್ದ. ಅವ್ವ ಒಳಗಿನಿಂದ ಕೇಳಿಸಿಕೊಂಡು ದಿನವಿಡೀ ನಕ್ಕಿದ್ದಳು. ನನ್ನ ಹೆರಿಗೆಯಲ್ಲಿ ಅವಳು ಸಾಯುವ ಮಟ್ಟಿಗೆ ಹೋಗಿ ಬಂದವಳು. “ನನ್ನ ಜೀವ ತಿಂದು ಹುಟ್ಟಿದ, ಊರಿಗಾದ್ರೂ ಉಪಯೋಗ ಆಗ್ಲಿ” ಎಂದು ಬಂದವರ ಮುಂದೆಲ್ಲ ಹೇಳುವಳು. ಆ ಮಾತಿನಲ್ಲಿ ಅವಳಿಗೆ ಹೆಮ್ಮೆ ಇತ್ತು. ನನಗೂ ಇತ್ತು. ಗಿರಣಿಯಲ್ಲಿ ಯಾರೂ ಅಲ್ಲದವನು ಹೊಸ್ತಿಲಲ್ಲಿ ನಿಂತಾಗ ಯಾರೋ ಆಗಿರುತ್ತಿದ್ದೆ.

ನನ್ನ ತಮ್ಮ ಭಾನುವಳ್ಳಿಯಲ್ಲಿ ನಮ್ಮ ಪಾಲಿನ ಗದ್ದೆ ಮಾಡಿಕೊಂಡಿದ್ದ. ಅವನು, ಅವನ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಬೇಸಿಗೆ ಬೆಳೆ ಕೊಯ್ದು ಹುಲ್ಲು ಸಾಗಿಸುವ ಹೊತ್ತಿಗೆ ನಾನು ವಾರದ ರಜೆ ನೋಡಿಕೊಂಡು ಹೋಗಿ ಕೈ ಜೋಡಿಸುತ್ತಿದ್ದೆ. ಆ ದಿನವೂ ಹಾಗೆಯೇ ಹೋಗಿದ್ದೆ. ಟ್ರಾಕ್ಟರಿನ ಮೇಲೆ ಹುಲ್ಲು ಆಳೆತ್ತರಕ್ಕೂ ಮೀರಿ ಏರಿತ್ತು. ತಮ್ಮ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ. ಗಂಟು ಬಿಚ್ಚಿತು. ಅವನು ಹಿಂದಕ್ಕೆ ವಾಲಿ ಕಾಲುವೆಯ ಏರಿಯ ಗಟ್ಟಿ ನೆಲದ ಮೇಲೆ ಬಿದ್ದ.

ಟ್ರಾಕ್ಟರಿನವನು ಫೋನಿಗೆ ಸಿಗ್ನಲ್ ಹುಡುಕುತ್ತ ಏರಿಯ ಮೇಲೆ ಓಡಿದ. ತಮ್ಮನ ಹೆಂಡತಿ ನೀರಿನ ಕೊಡ ಇಟ್ಟಿದ್ದ ಬೇವಿನ ಮರದ ಕಡೆ ಓಡಿದಳು. ನಾವಿಬ್ಬರೇ ಉಳಿದೆವು. ಅವನ ಹಿಮ್ಮಡಿಗಳು ಮಣ್ಣು ಕೆರೆಯುತ್ತಿದ್ದವು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಅಣ್ಣ, ಸೊಂಟ ಹಿಡ್ಕಂಡೈತೆ. ಒಂದ್ಸಲ ಕಾಲಿಡು” ಅಂದ.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅವನ ಭುಜ ಹಿಡಿದು ಬೋರಲು ಮಾಡಿದೆ. ಅಂಗಿ ಸರಿಸಿ ಹಿಮ್ಮಡಿ ಇಟ್ಟು ಒತ್ತಿದೆ. ಅಭ್ಯಾಸದಂತೆ ಕೊನೆಗೆ ಒಂದು ಒದೆಯನ್ನೂ ಕೊಟ್ಟೆ. ಅವನ ಬಾಯಿಂದ ಒಂದು ಉಸಿರು ಬಂತು, ಕೂಗಲ್ಲ. ಹಿಮ್ಮಡಿಗಳು ನಿಂತವು. ಏನೋ ಆಗಬಾರದ್ದು ಆಯಿತೆಂದು ನನ್ನ ಕಾಲಿಗೇ ಮೊದಲು ತಿಳಿಯಿತು. ಅವನನ್ನು ಮತ್ತೆ ಅಂಗಾತ ಮಾಡಿ, ಅಂಗಿ ಎಳೆದು, ದೂರ ಸರಿದು ನಿಂತೆ.

ಅಷ್ಟರಲ್ಲಿ ಅವನ ಹೆಂಡತಿ ಚೊಂಬಿನಲ್ಲಿ ನೀರು ತಂದಳು. ಕೂತು, ಗಂಡನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಎರಡು ಗುಟುಕು ಇಳಿದ ಮೇಲೆ ಅವನು ಅವಳ ಮುಖ ನೋಡುತ್ತ, “ನನ್ನ ಕಾಲು ಎಲ್ಲಿದಾವೆ?” ಎಂದು ಕೇಳಿದ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ವಿಚಾರಿಸಿದರು.

“ಬಿದ್ದ ಕೂಡಲೇ ಕಾಲು ಆಡ್ತಿದ್ವಾ?”

“ಆಡ್ತಿದ್ವು ಸಾರ್. ನಾನು ನೀರಿಗೆ ಓಡೋವಾಗ ನೋಡೀನಿ” ಎಂದಳು ಅವಳು.

“ಆಮೇಲೆ ಏನು ಮಾಡಿದ್ರಿ?”

“ನಾನೇ ತಲೆ ಎತ್ತಿ ತೊಡೆ ಮ್ಯಾಲೆ ಇಟ್ಕಂಡೆ. ನೀರು ಕುಡಿಸಿದೆ.”

“ಎತ್ತಬಾರದಿತ್ತಮ್ಮ. ಮುರಿದ ಮೂಳೆ ಸರಿದು ಬೆನ್ನುಹುರಿಗೆ ಒತ್ತಿರಬಹುದು. ಬಿದ್ದ ಏಟಿಗೇ ಆಗಿದ್ದರೂ ಆಗಿರಬಹುದು, ಹೇಳೋಕಾಗಲ್ಲ.” ನಂತರ ಅವರು ನನ್ನ ಕಡೆ ತಿರುಗಿದರು. “ಬೇರೆ ಏನಾದರೂ ಮಾಡಿದ್ರಾ? ತಿಕ್ಕೋದು, ಎಳೆಯೋದು, ಆ ಥರ?”

“ಇಲ್ಲ ಸಾರ್” ಎಂದೆ.

ನನ್ನ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಮಾತನ್ನು. ಏರಿಯ ಮೇಲೆ ಮಾಡಿದ್ದು ತಿಳಿಯದೆ ಮಾಡಿದ್ದು. ಇದು ತಿಳಿದು ಮಾಡಿದ್ದು.

ಡಾಕ್ಟರ ಮಾತಿನಲ್ಲಿ ಮೊದಲಿನರ್ಧ ಮಾತ್ರ ನಮ್ಮ ಮನೆಗೆ ಬಂತು. ಅಷ್ಟು ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡು, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿ, ಹರಿಹರದ ಮನೆಯಲ್ಲಿ ನಾನು ಮತ್ತು ಅವ್ವ ಮಾತ್ರ ಇದ್ದೆವು. ದಾವಣಗೆರೆಗೆ ಓಡಾಡಲು ಅನುಕೂಲ ಎಂದು ತಮ್ಮನನ್ನೂ ಅವನ ಹೆಂಡತಿಯನ್ನೂ ಅಲ್ಲಿಗೇ ಕರೆದುಕೊಂಡೆ. ನೋಡಲು ಬಂದ ನೆಂಟರಿಗೆಲ್ಲ ಅವ್ವ ಒಂದೇ ಮಾತು ಹೇಳುವಳು: “ಬಿದ್ದಿದ್ದಕ್ಕೆ ಏನೂ ಆಗಿರ್ಲಿಲ್ಲ. ಈಕಿ ಎಬ್ಬಿಸಿ ನೀರು ಕುಡಿಸಿದ್ಲು, ಆತು.”

ಅವ್ವ ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟಳು. ಅನ್ನ ಉಣ್ಣುತ್ತಿದ್ದಳು, ಚಹಾ ಕುಡಿಯುತ್ತಿದ್ದಳು. ನೀರು ಮಾತ್ರ ಬೇಡ. ಸೊಸೆ ಲೋಟ ಹಿಡಿದು ಬಂದರೆ, “ನಿನ್ನ ಕೈ ನೀರು ಕುಡಿದೋನು ಅಲ್ಲಿ ಮಲಗ್ಯಾನೆ ನೋಡು” ಎನ್ನುವಳು. ಸೊಸೆ ಲೋಟವನ್ನು ಕೈಗೆಟುಕುವಲ್ಲಿ ಇಟ್ಟು ಹೋಗುವಳು. ಅವ್ವ ಅದನ್ನು ಚೆಲ್ಲಿ, ಗೋಡೆ ಹಿಡಿದುಕೊಂಡು ಹೋಗಿ ತಾನೇ ತುಂಬಿಕೊಳ್ಳುವಳು. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿರುತ್ತಿದ್ದೆ. ಬೆನ್ನಿಗೆ ಕಾಲು ಇಡಿಸಿಕೊಳ್ಳಲು ಬಂದವರಿಗೆ, ಮಂಡಿ ನೋವು, ಇನ್ನು ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಯಾಕೆಂದು ಅವ್ವ ಕೂಡ ಕೇಳಲಿಲ್ಲ.

ಹಾಸಿಗೆಯಲ್ಲಿ ತಮ್ಮನ ತೊಡೆಗಳು ಕರಗಿ ಕೋಲಿನಂತಾದವು. ಆಗ ಯಾರೋ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಕೇಂದ್ರ ಇದೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಕರೆಂಟ್ ಕೊಡುತ್ತಾರೆ ಎಂದರು. ಅವ್ವ, “ಇದ್ದ ಜೀವಕ್ಕೆ ಶಾಕ್ ಕೊಡ್ಸಾಕೆ ಹೊಂಟೀರ?” ಎಂದು ಅಡ್ಡ ಬಂದಳು. ತಮ್ಮನ ಹೆಂಡತಿ ಮೊದಲ ಬಾರಿಗೆ ಅತ್ತೆಯ ಮಾತು ಮೀರಿ, “ಕೊಡ್ಸೋಣ ಭಾವ” ಎಂದು ನನಗೆ ಹೇಳಿದಳು.

ಅಲ್ಲಿದ್ದ ಫಿಸಿಯೋಥೆರಪಿ ಮೇಡಂ ನನ್ನ ಚಿಕ್ಕ ಮಗಳ ವಯಸ್ಸಿನವಳು. ತಮ್ಮನ ತೊಡೆಯ ಮೇಲೆ ಅಂಟಿನ ಪ್ಯಾಡುಗಳನ್ನು ಕೂರಿಸುತ್ತ ವಿವರಿಸಿದಳು. “ನಿಮ್ಮ ಕಾಲು ಕೆಟ್ಟಿಲ್ಲ ಅಣ್ಣಾರೆ. ತಲೆಯಿಂದ ಕಾಲಿಗೆ ಹೋಗೋ ದಾರಿ ಕೆಟ್ಟೈತೆ. ಊರಿಗೆ ಬರೋ ಲೈನು ಕಡಿದ್ರೆ ಮನೆ ಬಲ್ಬು ಸುಟ್ಟಂಗಲ್ಲ, ಹೌದಿಲ್ಲೊ? ನಾವು ಇಲ್ಲೇ ಹತ್ರದಿಂದ ಕರೆಂಟ್ ಕೊಡ್ತೀವಿ.”

“ಬಿಲ್ಲು ಯಾರ ಹೆಸರಿಗೆ ಬರ್ತೈತೆ ಮೇಡಂ?” ಎಂದ ತಮ್ಮ. ಬಿದ್ದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಅವಳು ಯಂತ್ರದ ಗುಂಡಿಯನ್ನು ನಿಧಾನವಾಗಿ ತಿರುಗಿಸಿದಳು. ತೊಡೆಯ ಚರ್ಮದ ಕೆಳಗೆ ಏನೋ ಮಿಡಿಯಿತು. ಸ್ನಾಯು ಗಟ್ಟಿಯಾಗಿ ಮೇಲೆದ್ದಿತು. ಮೊಣಕಾಲು ನೇರವಾಗಿ, ಪಾದ ಮಂಚದಿಂದ ಗಾಳಿಗೆ ಎದ್ದು, ಒಂದಷ್ಟು ಹೊತ್ತು ನಿಂತು, ಇಳಿಯಿತು. ತಮ್ಮ ಅದನ್ನು ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದ. ಅವನಿಗೆ ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಡೀತೀರಿ ಅಂತ ನಾನು ಹೇಳಲ್ಲ” ಎಂದಳು ಮೇಡಂ. “ಸ್ನಾಯು ಉಳಿತಾವೆ, ರಕ್ತ ಓಡ್ತೈತೆ, ಹಾಸಿಗೆ ಹುಣ್ಣು ಕಡಿಮೆ ಆಗ್ತಾವೆ. ಕರೆಂಟ್ ಬಂದಾಗ ನೀವೂ ಮನಸ್ಸಿನ್ಯಾಗೆ ಕಾಲು ಎತ್ರಿ. ಎಲ್ಲೋ ಒಂದೆರಡು ನರದ ಎಳೆ ಉಳಿದಿದ್ರೆ ಅವು ಕಲಿತಾವೆ.” ಬೆನ್ನುಹುರಿಯ ಮೇಲೆಯೇ ಸಣ್ಣ ಯಂತ್ರ ಕೂರಿಸಿಕೊಂಡು ಕೆಲವರು ಹೆಜ್ಜೆ ಇಟ್ಟಿದ್ದಾರೆ ಎಂದು ನನ್ನ ತಮ್ಮ ಮೊಬೈಲಿನಲ್ಲಿ ನೋಡಿ ಕೇಳಿದಾಗಲೂ ಅವಳು ಸುಳ್ಳು ಆಸೆ ಹುಟ್ಟಿಸಲಿಲ್ಲ. ಅದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ನಮ್ಮ ಕೈಗೆ ಬಂದಿಲ್ಲ ಎಂದಳು.

ಪ್ಯಾಡು ಎಲ್ಲಿ ಕೂರಿಸಬೇಕು, ಎಷ್ಟು ತಿರುಗಿಸಬೇಕು ಎಂಬುದನ್ನೆಲ್ಲ ತಮ್ಮನ ಹೆಂಡತಿ ಕಲಿತಳು. ಕೇಂದ್ರದವರು ಮನೆಗೆ ಒಂದು ಸಣ್ಣ ಯಂತ್ರ ಕೊಟ್ಟರು. ಅವನಿಗೆ ಸ್ಪರ್ಶ ಇಲ್ಲದ್ದರಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅದಕ್ಕೆ ಅವಳು ಪ್ಯಾಡು ತೆಗೆದ ಕೂಡಲೇ ಕಿಟಕಿಯ ಬೆಳಕಿಗೆ ಬಾಗಿ, ಕೆಂಪಾಗಿದೆಯೇ ಎಂದು ತೊಡೆಯನ್ನು ಪೂರ್ತಿ ನೋಡುವಳು. ಬೆಳಿಗ್ಗೆ ಮುಸುರೆ ತಿಕ್ಕಿದ ಕೈ ಒರೆಸಿಕೊಂಡು ಅದೇ ಕೆಲಸ, ಸಂಜೆ ದೀಪ ಹಚ್ಚಿ ಅದೇ ಕೆಲಸ.

ಒಂದು ದಿನ ಕೇಂದ್ರದಲ್ಲಿ ಬಹಳ ಜನ ಇದ್ದರು. ಮೇಡಂ ನನ್ನನ್ನು ಕರೆದು ತಮ್ಮನ ಗಾಲಿಕುರ್ಚಿಯ ಎದುರು ಸ್ಟೂಲು ಹಾಕಿದಳು. “ಅಜ್ಜ, ಚಪ್ಪಲಿ ಬಿಟ್ಟು ಕೂಡ್ರಿ. ನಿಮ್ಮ ಅಂಗಾಲು ಅವರ ಅಂಗಾಲಿಗೆ ಕೊಡ್ರಿ. ಕರೆಂಟ್ ಬಂದಾಗ ಅವರ ಕಾಲು ತಳ್ತೈತೆ, ನೀವು ತಡೀರಿ. ಜಾಸ್ತಿ ಬ್ಯಾಡ, ಮೆತ್ತಗೆ.”

ನನ್ನ ಕೈಯಿಂದ ತಡೆಯುತ್ತೇನೆ ಎಂದೆ.

“ಕೈ ಸೋತು ಹೋಗ್ತೈತೆ ಅಜ್ಜ. ಕಾಲು ಕೊಡ್ರಿ, ಏನಾಗಲ್ಲ.”

ಕೊಟ್ಟೆ. ಅವನ ಅಂಗಾಲು ತಣ್ಣಗಿತ್ತು. ಯಂತ್ರ ಗುಂಯ್‌ಗುಟ್ಟಿತು. ತಣ್ಣಗಿನ ಆ ಪಾದ ನನ್ನ ಪಾದವನ್ನು ಹಿಂದಕ್ಕೆ ನೂಕಿತು. ಬಲ ಇತ್ತು. ನಾನು ತಡೆಯಲಿಲ್ಲ. ನನ್ನ ಮಂಡಿ ಮಡಚಿ ಎದೆಯ ತನಕ ಬಂತು. “ತಡೀರಿ ಅಜ್ಜ, ತಡೀರಿ” ಎಂದು ಮೇಡಂ ಆ ಕಡೆಯಿಂದ ಕೂಗಿದಳು. ತಮ್ಮ ನನ್ನ ಮುಖ ನೋಡುತ್ತಿದ್ದ. ಅವನಿಗೆ ಎಲ್ಲ ನೆನಪಿದೆ ಎಂದು ನನಗೆ ಆಗ ಅನ್ನಿಸಿತು.

ಹಿಂದಿರುಗುವಾಗ ಅವನ ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಳು. ಡ್ರೈವರು ಚಹಾಕ್ಕೆ ಇಳಿದಿದ್ದ. ಆಟೋದಲ್ಲಿ ನಾವಿಬ್ಬರೇ ಇದ್ದೆವು. ನಾನು ಅವನ ಕಾಲು ಮುಟ್ಟಿದೆ. ಅಣ್ಣ ತಮ್ಮನ ಕಾಲು ಮುಟ್ಟಬಾರದು. ಆದರೂ ಮುಟ್ಟಿದೆ.

“ತಪ್ಪಾತಪ್ಪ. ನಾನು ಕಾಲಿಡಬಾರದಿತ್ತು.”

“ನಾನೇ ಇಡು ಅಂದೆ” ಎಂದ.

“ನಿನಗೆ ನೆನಪೈತಾ?”

“ಯಾಕಿಲ್ಲ? ಸೊಂಟ ಹೋಗೈತೆ, ತಲೆ ಹೋಗಿಲ್ಲ.”

“ಮತ್ತೆ ಅವ್ವ ಆಕಿಗೆ ಅಷ್ಟು ಅಂದಾಗ ನೀನು ಯಾಕ ಸುಮ್ನಿದ್ದೆ?”

“ನೀನು ಯಾಕ ಸುಮ್ನಿದ್ದೆ?”

ಇವತ್ತೇ ಹೇಳುತ್ತೇನೆ, ಮನೆಗೆ ಹೋದ ಕೂಡಲೇ ಅವ್ವನ ಮುಂದೆ, ನಿನ್ನ ಹೆಂಡತಿಯ ಮುಂದೆ ಹೇಳುತ್ತೇನೆ ಎಂದೆ. ಅವನು ನನ್ನ ಮುಂಗೈ ಹಿಡಿದ. ಕೈಯಲ್ಲಿ ಮಾತ್ರ ಅವನಿಗೆ ಮೊದಲಿನ ಶಕ್ತಿ ಇತ್ತು.

“ಬ್ಯಾಡ. ಇಷ್ಟು ದಿನ ಆಕಿ, ತಾನು ತಪ್ಪು ಮಾಡೀನಿ ಅಂತ ನನ್ನ ಹೇಲು ಉಚ್ಚೆ ಬಳಿದಾಳೆ. ತನ್ನ ತಪ್ಪಲ್ಲ ಅಂತ ಗೊತ್ತಾದ್ರೆ ಬಿಟ್ಟು ಹೋಗ್ತಾಳೆ ಅಂತ ನನಗೆ ಹೆದರಿಕಿಲ್ಲ. ಗೊತ್ತಾದ ಮ್ಯಾಲೂ ಇಲ್ಲೇ ಇದ್ರೆ, ನಾನು ಆಕಿ ಮಕ ಹೆಂಗೆ ನೋಡ್ಲಿ? ನಾನು ಇರೋತನಕ ಬ್ಯಾಡ ಅಣ್ಣ.”

ಅವಳು ಔಷಧಿಯ ಚೀಲ ಹಿಡಿದು ಬಂದಳು. ಆಟೋ ಹೊರಟಿತು. ತಮ್ಮನಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವನು ಬೇಡ ಎಂದಾಗ ನನ್ನ ಎದೆ ಹಗುರಾಯಿತು.

ಅವ್ವ ಸಾಯುವಾಗಲೂ ಸೊಸೆಯ ಕೈಯ ನೀರು ಬೇಡ ಎಂದಳು. ಬಾಯಿಗೆ ನೀರು ಬಿಟ್ಟವನು ನಾನು. ಸೊಸೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

ಅದಾದ ಮೇಲೆ ಒಂದು ಚಳಿಗಾಲದಲ್ಲಿ ತಮ್ಮ ಎದ್ದು ನಿಂತ. ಎರಡು ಕಂಬಿಗಳ ನಡುವೆ, ಮೊಣಕಾಲಿಗೆ ಪಟ್ಟಿ ಕಟ್ಟಿ, ಎರಡೂ ತೊಡೆಗಳಿಗೆ ಕರೆಂಟು ಕೊಟ್ಟು, ಮೇಡಂ ಹಿಂದಿನಿಂದ ಸೊಂಟದ ಬೆಲ್ಟು ಹಿಡಿದಿದ್ದಳು. ಮುಂದೆ ಅವನ ಹೆಂಡತಿ. ಅವನು ಕೈಯ ಮೇಲೆ ಭಾರ ಹಾಕಿ ಎದ್ದ, ಕಾಲುಗಳು ನಡುಗುತ್ತ ನೆಟ್ಟಗಾದವು. ಬಗ್ಗಿ ಬಗ್ಗಿ ಅವನನ್ನು ನೋಡುವುದು ರೂಢಿಯಾಗಿದ್ದ ಅವಳು ಕತ್ತು ಮೇಲೆತ್ತಬೇಕಾಯಿತು.

“ಇಷ್ಟು ಎತ್ತರ ಇದ್ರಲ್ಲ ನೀವು. ಮರ್ತೇ ಹೋಗಿತ್ತು” ಎಂದಳು.

“ಅಕ್ಕ, ಇದು ಪೂರ್ತಿ ನಿಮ್ಮ ಕೆಲಸ” ಎಂದಳು ಮೇಡಂ.

“ನಾನು ಕೆಡಿಸಿದ್ದು. ನಾನೇ ಸರಿ ಮಾಡ್ಬೇಕಲ್ಲ ಮೇಡಂ.”

ತಮ್ಮ ಅವಳ ತಲೆಯ ಮೇಲಿನಿಂದ ನನ್ನ ಕಡೆ ನೋಡಿದ. ನಾನೂ ಅವನನ್ನು ನೋಡಿದೆ. ಇಬ್ಬರಲ್ಲಿ ಯಾರಾದರೂ ಬಾಯಿ ತೆರೆಯಬಹುದಿತ್ತು. ಕರೆಂಟಿನಿಂದ ನಿಂತ ಸ್ನಾಯು ಬೇಗ ದಣಿಯುತ್ತದೆ. ಕಾಲು ಕುಸಿಯತೊಡಗಿತು, ಅವನನ್ನು ಕೂರಿಸಿದರು. ಅವಳು ಕೂಡಲೇ ಮಂಡಿಯೂರಿ ಪ್ಯಾಡು ತೆಗೆದು ಚರ್ಮ ನೋಡತೊಡಗಿದಳು.

ಅವನು ಕೊನೆಗೂ ನಡೆಯಲಿಲ್ಲ. ಆದರೆ ಕೆಲವು ವರ್ಷ ಹುಣ್ಣಿಲ್ಲದೆ ಬದುಕಿದ, ಯಂತ್ರದ ಸೈಕಲ್ಲು ತುಳಿದ, ದಿನವೂ ನಿಂತ. ಹೆಂಡತಿ ಪ್ಯಾಡು ಅಂಟಿಸುವಾಗ ಅವಳ ತಲೆಗೂದಲಿನ ಬಿಳುಪನ್ನು ಎಣಿಸುತ್ತಿದ್ದೇನೆ ಎಂದು ರೇಗಿಸುತ್ತಿದ್ದ. ಮೂತ್ರದ ಸೋಂಕು ಕಿಡ್ನಿಗೆ ಏರಿ ಅವನು ಹೋದ. ಮಾತು ಕೊಟ್ಟದ್ದು ಅವನು ಇರುವ ತನಕ. ತಿಥಿ ಮುಗಿಯಲಿ ಎಂದುಕೊಂಡೆ. ಆಮೇಲೆ ಅವಳು ಭಾನುವಳ್ಳಿಗೆ ಮರಳಲಿ ಎಂದುಕೊಂಡೆ. ಅವಳು ಮರಳಿದಳು, ಗದ್ದೆಯನ್ನು ಬೆಳೆಯಲ್ಲಿ ಪಾಲು ಬರುವಂತೆ ಕೋರಿಗೆ ಕೊಟ್ಟಳು. ಆಮೇಲೆ ನನ್ನ ಕಣ್ಣಿನ ಪೊರೆ.

ಈಗ ಅವಳು ವಾರಕ್ಕೊಮ್ಮೆ ಬಸ್ಸಿನಲ್ಲಿ ದಾವಣಗೆರೆಗೆ ಹೋಗುತ್ತಾಳೆ. ಮೇಡಂ ಕರೆದಿದ್ದಾರೆ. ಹೊಸದಾಗಿ ಬಂದವರ ಮನೆಯವರಿಗೆ ಪ್ಯಾಡು ಕೂರಿಸುವುದು, ಚರ್ಮ ನೋಡಿಕೊಳ್ಳುವುದು, ಮಗ್ಗುಲು ಬದಲಿಸುವುದನ್ನು ಹೇಳಿಕೊಡುತ್ತಾಳೆ. ಕಣ್ಣು ತೋರಿಸಲು ಹೋದ ದಿನ ನಾನು, ನೋಡಿ ಬರೋಣವೆಂದು ಅಲ್ಲಿಗೆ ಹೋದೆ. ಕೊಂಡಜ್ಜಿ ಕಡೆಯ ಒಂದು ಕುಟುಂಬ ಬಂದಿತ್ತು. ಮಲಗಿದ್ದವಳು ಒಬ್ಬ ಹೆಂಗಸು, ಸುತ್ತ ಅವಳ ಅಕ್ಕತಂಗಿಯರು. ತಮ್ಮನ ಹೆಂಡತಿ ಅವರ ನಡುವೆ ಕೂತು ಮಾತಾಡುತ್ತಿದ್ದಳು. ನಾನು ಬಂದದ್ದನ್ನು ನೋಡಿರಲಿಲ್ಲ.

“ಮೊದಲು ಒಂದು ಮಾತು ಕೇಳ್ರಿ, ನಿಮ್ಮೂರಾಗೆ ಎಲ್ಲಾರಿಗೂ ಹೇಳ್ರಿ. ಬಿದ್ದೋರನ್ನ ಎತ್ತಬ್ಯಾಡ್ರಿ. ನೀರು ಕುಡಿಸಾಕೆ ತಲೆ ಎಬ್ಬಿಸಬ್ಯಾಡ್ರಿ. ನಾನು ಹಂಗೆ ಮಾಡೇ ನನ್ನ ಗಂಡನ ಕಾಲು ತೆಗೆದೆ. ನಮ್ಮತ್ತೆ ಸಾಯೋತನಕ ನನ್ನ ಕೈ ನೀರು ಮುಟ್ಲಿಲ್ಲ. ಸರಿನೇ ಮಾಡಿದ್ರು.”

ಒಬ್ಬಾಕೆ, “ನಿಮಗೇನು ಗೊತ್ತಿತ್ತು ಬಿಡ್ರಿ ಅಕ್ಕ” ಎಂದು ಸಮಾಧಾನ ಮಾಡಿದಳು.

“ಗೊತ್ತಿರ್ಲಿಲ್ಲ ಅಂದ್ರೆ ಕಾಲು ಬರ್ತಾವೇನು?” ಎಂದು ಅವಳು ಪ್ಯಾಡು ಕೈಗೆ ತೆಗೆದುಕೊಂಡಳು. ಆಗ ನನ್ನನ್ನು ಕಂಡಳು. ಎದ್ದು ಸೆರಗು ಸರಿಮಾಡಿಕೊಂಡು, “ಯಾವಾಗ ಬಂದ್ರಿ ಭಾವ? ಕೂಡ್ರಿ, ಬಿಸಿಲಾಗೆ ಬಂದೀರಿ” ಎಂದು ಕುರ್ಚಿ ಎಳೆದಳು.

ನಾನು ಕೂತೆ. ಅವಳು ವಾರವಾರವೂ ಗುರುತಿಲ್ಲದ ಜನರ ಮುಂದೆ ನನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಳ್ಳುತ್ತಿದ್ದಾಳೆ, ಅದರಿಂದ ನಾಲ್ಕು ಜನಕ್ಕೆ ಒಳ್ಳೆಯದೂ ಆಗುತ್ತಿದೆ. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಬೆನ್ನು ಕೊಡಬೇಡಿ ಎಂದು ಅವರಿಗೆ ಹೇಳಬೇಕಾದವನು ನಾನು. ಅಷ್ಟೂ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಅವ್ವನ ಪಟದ ಮುಂದೆ ನಿಂತು ಹೇಳಿದ್ದೇನೆ. ತಮ್ಮನ ಕಾಲು ಮುಟ್ಟಿ ಕ್ಷಮೆ ಕೇಳಿದ್ದೇನೆ. ಇಬ್ಬರೂ ನನ್ನನ್ನು ಏನೂ ಮಾಡಲಾರದವರು, ಅದಕ್ಕೇ ಕೇಳಿದೆನೋ ಏನೋ. ಕೇಳಬೇಕಾದವಳ ಹತ್ತಿರ ಇನ್ನೂ ಕೇಳಿಲ್ಲ. ಅವಳು ಸತ್ತಿಲ್ಲ, ದೂರ ಹೋಗಿಲ್ಲ, ಭಾನುವಳ್ಳಿ ಬಸ್ಸು ಹತ್ತಿದರೆ ಸಿಗುತ್ತಾಳೆ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ್ದು ಬಿಟ್ಟು ಆ ದಿನ ಬೇರೆ ಏನೂ ಮಾಡದವಳು. ನನ್ನ ತಮ್ಮನ ಹೆಂಡತಿ.